ಒಂದೇ ಹಿಮ್ಮಡಿಯ ಮೊಳೆ

ಕೆರೆಯ ದಂಡೆಗೆ ಸಿಕ್ಕ ಹೆಂಗಸಿನ ಹಿಮ್ಮಡಿಯೊಳಗೆ ಕಬ್ಬಿಣದ ಮೊಳೆ ಇತ್ತಂತೆ ಎಂದು ಮನೆಯ ಮಾಲಕಿ ಶರಣವ್ವ ರೊಟ್ಟಿ ಬಡಿಯುತ್ತಲೇ ಹೇಳಿದಾಗ ನೀಲಪ್ಪ ಮಾಸ್ತರ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದ. ಕೊಂಡಿಗೆ ತೂತು ಸಿಗಲಿಲ್ಲ. ಇನ್ನೊಮ್ಮೆ ಎಳೆದ, ಸಿಕ್ಕಿತು. ತನ್ನ ಹಿಮ್ಮಡಿಯನ್ನು ನೋಡಿಕೊಂಡ. ಒಡೆದಿತ್ತು, ಒಡಕಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಎರಿಮಣ್ಣು ಕೂತಿತ್ತು. ಒಳಗೆ ಅಡಿಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು ಅವನ ಹೆಂಡತಿ ಶೇವಂತೆವ್ವ ಕಾಲು ಚಾಚಿಕೊಂಡು ಮೆಂತ್ಯೆಪಲ್ಯೆ ಸೋಸುತ್ತಿದ್ದಳು. ಏಳು ತಿಂಗಳ ಹೊಟ್ಟೆ. ‘ಕೇಳಿದೇನ ಶೇವಂತೀ, ಇನ್ನ ಹಿತ್ತಲಕ್ಕೂ ಒಬ್ಬಾಕಿನ ಹೋಗಬ್ಯಾಡವಾ. ಅಕೀ ಹೊಟ್ಟ್ಯಾಗ ಕೂಸಿತ್ತಂತ. ದವಾಖಾನಿ ಡಾಕ್ಟರು ಸಣ್ಣ ಸಣ್ಣ ಎಲುಬ ಬ್ಯಾರೇನ ತಗದಿಟ್ಟಾರಂತ. ಬಸರಿ ಹೆಂಗಸ್ರನ್ನ ನೋಡಿ ನೋಡಿ ಒಯ್ಯಾಕತ್ತಾರ, ಅವರ ಕೈ ಸೇದಿಹೋಗ್ಲಿ!’ ಎಂದು ಶರಣವ್ವ ರೊಟ್ಟಿಯನ್ನು ತಿರುವಿ ಹಾಕಿದಳು. ಶೇವಂತೆವ್ವ ಹೊಟ್ಟೆಯ ಮೇಲಿನ ಸೆರಗು ಸರಿ ಮಾಡಿಕೊಂಡು ‘ಎವ್ವಾ’ ಎಂದಳು, ಅಷ್ಟೇ. ನೀಲಪ್ಪನಿಗೆ ಏನೂ ಅನಿಸಲಿಲ್ಲ. ಏನಾದರೂ ಅನಿಸಬೇಕಿತ್ತಲ್ಲ ಎಂದು ಒಂದು ಗಳಿಗೆ ಕಾದ. ರೊಟ್ಟಿ ಸುಟ್ಟ ವಾಸನೆ ಬಂತು.

ಪಡಸಾಲೆಯ ಇನ್ನೊಂದು ತುದಿಗೆ ಶರಣವ್ವನ ಗಂಡ ಮುರುಗೆಪ್ಪ, ಹತ್ತಿ ದಲಾಲ, ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು ಸಾಲಿ ಹುಡುಗರಂತೆ ಗಟ್ಟಿಯಾಗಿ ಓದುತ್ತಿದ್ದ. ಮಳೆ ಕೈಕೊಟ್ಟ ವರ್ಷ ಅದು. ಹಿರೇಕೆರೆ ಹಿಂದೆ ಸರಿದು ಸರಿದು ನಡುವೆ ಒಂದು ಹಸರು ಹೊಂಡವಾಗಿ ಉಳಿದಿತ್ತು. ನಾಕು ಮಂದಿ ಎಮ್ಮೆ ಮೈ ತೊಳೆಯಲು ಇಳಿದಲ್ಲಿ ಮೊದಲು ಒಂದು ಬುರುಡೆ, ಮರುದಿನ ಕಾಲಿನ ಎಲುಬು, ಅದರ ಮರುದಿನ ಊರಿಗೆ ಊರೇ ದಂಡೆಯ ಮೇಲೆ. ಎಷ್ಟು ಹಳೆಯವು ಎಂದು ಡಾಕ್ಟರು ಹೇಳಿರಲಿಲ್ಲ, ಬೆಂಗಳೂರಿನಿಂದ ವರದಿ ಬರಬೇಕಂತೆ. ವರದಿಗೆ ಯಾರು ಕಾಯುತ್ತಾರೆ? ಎರಡನೇ ಆಟದ ಸಿನೇಮಾಕ್ಕೆ ಮಂದಿ ಹೋಗುವುದು ನಿಂತಿತು. ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿ ಒಬ್ಬ ಬೈರಾಗಿಯನ್ನು ಗಿಡಕ್ಕೆ ಕಟ್ಟಿ ಬಡಿದರು. ಊರಿಗೆ ಅಂಜಿಕೆ ಬಂತೆಂದರೆ ಬರಿಗೈಲೆ ಬರುವುದಿಲ್ಲ, ಒಬ್ಬ ಮನುಷ್ಯನನ್ನು ಹಿಡಿದುಕೊಂಡೇ ಬರುತ್ತದೆ. ಈ ಸಲ ಸಿಕ್ಕವನು ಅಬ್ದುಲಗನಿ. ಹಳ್ಳಿಹಳ್ಳಿ ತಿರುಗಿ ಸತ್ತ ದನದ ಎಲುಬು ಕೂಡಿಸಿ ಗೊಬ್ಬರದ ಗಿರಣಿಗೆ ಹಾಕುವವನು, ಎಲುಬಿನ ಬಂಡಿಯವನು, ಕೆರೆಯಂಗಳದಲ್ಲಿ ಚೀಲ ಹಿಡಿದು ಓಡಾಡಿದ್ದನ್ನು ಹತ್ತು ಮಂದಿ ನೋಡಿದ್ದರು. ಇನ್ನೇನು ಬೇಕು? ಪೊಲೀಸರು ಹಿಡಿದೊಯ್ದು ಮೂರು ದಿನವಾಗಿತ್ತು. ‘ಒಂದ ಹಿಮ್ಮಡಿಗೆ ಮೊಳಿ ಐತಂತ್ರಿ ಮಾಸ್ತರ. ಇನ್ನೊಂದಕ್ಕ ಇಲ್ಲಂತ. ಒಂದಕ್ಕ ಹೊಡ್ಯೂದ್ರಾಗ ಜೀವ ಹೋಗಿರಬೇಕು ಪಾಪ’ ಎಂದ ಮುರುಗೆಪ್ಪ. ಅವನ ಕಣ್ಣಲ್ಲಿ ನೀರಿತ್ತು. ಕೆಟ್ಟ ಮನುಷ್ಯನಲ್ಲ ಮುರುಗೆಪ್ಪ. ಹಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂದೇ ಹಿಮ್ಮಡಿಗೆ. ನೀಲಪ್ಪ ಎದ್ದು ನಿಂತ, ‘ಬರ್ತೇನ್ರಿ’ ಎಂದ, ಅಂಗಳ ದಾಟಿದ. ಗೋಪನಕೊಪ್ಪದ ಈ ಮನೆಗೆ ಬಂದು ಎರಡು ವರ್ಷವಾಗಿರಬೇಕು. ಮನೆ ಕೇಳಲು ಬಂದ ದಿನ ಮುರುಗೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ‘ಅಡ್ಡಹೆಸರು ಹೊಸಮನಿ ಅಂದ್ರಿ. ಛಲೋ ಆತು. ನಮ್ಮವರ ಏನ್ರಿ?’ ಎಂದು ಕೇಳಿದ್ದ. ಅದಕ್ಕೆ ಮೊದಲು ಹನ್ನೊಂದೋ ಹನ್ನೆರಡೋ ಮನೆ ಕೇಳಿ ಬಂದಿದ್ದ ಕಾಲುಗಳು ಅವನವು. ಬಾಯಿ ತಾನಾಗಿಯೇ ‘ಹೂನ್ರಿ’ ಎಂದಿತು. ಅಷ್ಟೇ ಅವನು ಹೇಳಿದ ಸುಳ್ಳು. ಉಳಿದದ್ದನ್ನೆಲ್ಲ ಮುರುಗೆಪ್ಪನೇ ಕಟ್ಟಿಕೊಂಡ. ಕೊರಳಲ್ಲಿ ಲಿಂಗ ಕಾಣದಿದ್ದಾಗ ‘ಈಗಿನ ಕಲತ ಹುಡುಗ್ರು ಎಲ್ಲಿ ಕಟ್ತಾರ ಬಿಡ್ರಿ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸೋಮವಾರಕ್ಕೊಮ್ಮೆ ಶರಣವ್ವ ಹಣೆಗೆ ವಿಭೂತಿ ಹಚ್ಚಲು ಕೈ ಮುಂದೆ ಮಾಡುವಳು, ಅವನು ಹಣೆ ಒಡ್ಡುವನು. ಆ ಬೆರಳು ತಣ್ಣಗೆ, ಹಿತವಾಗಿರುತ್ತಿತ್ತು. ತಾಯಿ ಸತ್ತ ಮೇಲೆ ಅವನ ಹಣೆಯನ್ನು ಯಾವ ಹೆಂಗಸೂ ಹಾಗೆ ಮುಟ್ಟಿರಲಿಲ್ಲ. ಶೇವಂತೆವ್ವನ ಬಾಣಂತನ ತಾನೇ ಮಾಡುತ್ತೇನೆಂದು ಶರಣವ್ವ ಹಟ ಹಿಡಿದಿದ್ದಳು. ‘ತಾಯಿ ಇಲ್ಲದ ಹುಡುಗಿ, ನನಗೂ ಹೆಣ್ಣಿಲ್ಲ’ ಎನ್ನುವಳು. ಈ ಎಲ್ಲವೂ ಒಂದು ‘ಹೂನ್ರಿ’ಯ ಮೇಲೆ ನಿಂತಿತ್ತು. ಒಂದು ಮಾತು ಬಿದ್ದರೆ ಎಲ್ಲವೂ ಬೀಳುತ್ತಿತ್ತು.

ಸಾಲಿಗೆ ಕೆರೆಯ ಏರಿಯ ಮೇಲಿಂದಲೇ ಹೋಗಬೇಕು. ಏರಿಯ ಮೇಲೆ ಜಾತ್ರೆ. ಒಬ್ಬ ಚುರುಮುರಿ ಮಾರುತ್ತಿದ್ದ, ಇನ್ನೊಬ್ಬ ಇಲ್ಲೇ, ಇಲ್ಲೇ ನೋಡ್ರಿ ಎಂದು ಬಂದವರಿಗೆಲ್ಲ ಕೈ ಮಾಡಿ ತೋರಿಸುತ್ತಿದ್ದ. ಒಣಗಿ ಬಿರಿದ ಕೆಸರಿನಲ್ಲಿ ಪೊಲೀಸರು ನೆಟ್ಟ ಕೋಲುಗಳು. ನೀಲಪ್ಪ ಸಣ್ಣವನಿದ್ದಾಗ ಅಲ್ಲಿ ನೀರಿರಲಿಲ್ಲ. ಅದು ಅವನು ಹುಟ್ಟಿದ ಕೇರಿಯ ಸುಡುಗಾಡು; ಎರಡು ಬೇವಿನಗಿಡ, ಕಾರಿಕಂಟಿ, ಗುಂಡುಕಲ್ಲು. ಅವನು ಹಾಸ್ಟೇಲಿನಲ್ಲಿದ್ದಾಗ ಏರಿ ಎತ್ತರಿಸಿ ಕೆರೆ ದೊಡ್ಡದು ಮಾಡಿದರು, ನೀರು ಬಂದು ಗೋರಿಗಳ ಮೇಲೆ ನಿಂತಿತು, ಕೇರಿಯನ್ನು ರೈಲುಪಟ್ಟಿಯ ಆಚೆಗೆ ಕಳಿಸಿದರು. ಅದು ಸುಡುಗಾಡಾಗಿತ್ತೆಂಬ ನೆನಪು ಈ ಕಡೆಯ ಮಂದಿಗೆ ಇರಲು ಕಾರಣವೂ ಇರಲಿಲ್ಲ; ಈ ಕಡೆಯವರು ಆ ಕಡೆ ಕಾಲಿಟ್ಟವರೇ ಅಲ್ಲ. ಏಳು ವರ್ಷದ ಹುಡುಗ ಅಲ್ಲೊಂದು ಕುಣಿಯ ಅಂಚಿಗೆ ನಿಂತಿದ್ದ, ಅವನ ಕೈಯಲ್ಲಿ ಮೊಳೆಗಳಿದ್ದವು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಸತ್ತವಳು ಕೂಸಿಗಾಗಿ, ಗಂಡನಿಗಾಗಿ, ಬಿಟ್ಟು ಬಂದ ಮಕ್ಕಳಿಗಾಗಿ ತಿರುಗಿ ಬರುತ್ತಾಳೆ. ಬರಬಾರದು. ಬಂದರೆ ಕರೆದುಕೊಂಡು ಹೋಗುತ್ತಾಳೆ. ಅದಕ್ಕೆ ಹಿಮ್ಮಡಿಗೆ ಮೊಳೆ. ಆಯಿ ಮುತ್ತವ್ವ, ಅವನ ಅಜ್ಜಿ, ಅವನ ಮುಷ್ಟಿ ಬಿಚ್ಚಿ, ‘ಕೊಡು ನೀಲಾ. ಹೆತ್ತ ಮಗನ ಕೈಯಿಂದ ಬಂದ ಮೊಳಿನ ತಾಯಿ ದಾಟೂದಿಲ್ಲ’ ಎಂದಳು. ಬಡಗಿಗೆ ಕೊಡುವ ಹಾಗೆ ಒಂದು ಕೊಟ್ಟ. ಸಪ್ಪಳ ಬಂತು. ಕಟ್ಟಿಗೆಗೆ ಹೊಡೆದ ಸಪ್ಪಳವಲ್ಲ. ಇನ್ನೊಂದನ್ನು ಅವನು ಚಣ್ಣದ ಜೇಬಿಗೆ ಬಿಟ್ಟುಕೊಂಡು ‘ಬಿತ್ತು’ ಎಂದ. ಹೊತ್ತು ಮುಳುಗುತ್ತಿತ್ತು, ಮಂದಿಗೆ ಮನೆಗೆ ಹೋಗುವ ಅವಸರ, ಸಾಕು ಬಿಡು ಒಂದ ಅಂದರು. ಅವಳು ಹಿಂದೆ ಬಾರದಿರಲೆಂದು ದಾರಿಯುದ್ದಕ್ಕೂ ಸಾಸಿವೆ ಚೆಲ್ಲುತ್ತ ಬಂದರು. ಒಂದು ಕಾಲಿನ ಮೇಲೆ ಕುಂಟುತ್ತ ಆದರೂ ಬರಲಿ ಎಂದು ಅವನು ಎಷ್ಟೋ ದಿನ ಕದದ ಸಂದಿಗೆ ಮುಖ ಹಚ್ಚಿ ಕೂತ. ಬರಲಿಲ್ಲ. ಕೂತು ಕೂತು ಅವನೊಳಗೆ ಏನೋ ಒಂದು ಜೋಮು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ.

‘ನಮಸ್ಕಾರ್ರಿ ಮಾಸ್ತರ, ನೀವೂ ನೋಡಾಕ ಬಂದಿರೇನು?’ ಎಂದು ಯಾರೋ ಕೇಳಿದರು. ಹೌದೆಂದ. ‘ಆ ಗನಿ ಬಾಯಿ ಬಿಡವಲ್ಲನಂತ್ರಿ. ಎಷ್ಟ ಬಡದ್ರೂ ಅಲ್ಲಾ ಅಲ್ಲಾ ಅನ್ನಾಕತ್ತಾನಂತ.’ ಬಾಯಿ ಬಿಡುವುದಿಲ್ಲ ಅಬ್ದುಲಗನಿ, ಅದು ನೀಲಪ್ಪನಿಗೆ ಗೊತ್ತು. ಕೇರಿಗೆ ಬಂಡಿ ತರುತ್ತಿದ್ದ ಹರೆಯದ ಗನಿ, ಎಲುಬಿನ ರಾಶಿಯ ಮೇಲೆ ಗೋಣಿಚೀಲ ಹಾಸಿ ಹುಡುಗ ನೀಲಪ್ಪನನ್ನು ಕೂರಿಸಿಕೊಂಡು ರೈಲುಗೇಟಿನವರೆಗೆ ಒಯ್ಯುತ್ತಿದ್ದ. ಹೋದ ವರ್ಷ ಗೋಪನಕೊಪ್ಪದ ಓಣಿಯಲ್ಲಿ ಎದುರಾದ. ನೀಲಪ್ಪನ ಹಣೆಯ ಮೇಲೆ ವಿಭೂತಿ, ಮಗ್ಗುಲಲ್ಲಿ ಮುರುಗೆಪ್ಪ. ಗನಿ ಎತ್ತಿನ ಹಗ್ಗ ಜಗ್ಗಿ ನಿಂತ, ನೋಡಿದ, ಕಣ್ಣು ಎಲ್ಲ ತಿಳಿದುಕೊಂಡಿತು. ‘ಸಲಾಂ ಮಾಸ್ತರ್ರ’ ಎಂದು, ಯಾವ ಗುರುತೂ ಇಲ್ಲದವನಂತೆ ಬಂಡಿ ಹೊಡೆದುಕೊಂಡು ಹೋದ. ಆ ಉಪಕಾರಕ್ಕೆ ನೀಲಪ್ಪನಿಗೆ ಅವನ ಮೇಲೆ ಸಿಟ್ಟು ಬಂದಿತ್ತು, ಖರೇ ಹೇಳಬೇಕೆಂದರೆ. ಈಗ ಪೊಲೀಸರ ಬೂಟಿನ ಕೆಳಗೂ ಅವನು ಒಂದು ಹೆಸರು ಹೇಳುತ್ತಿಲ್ಲ. ಅದು ಕೇರಿಯ ಸುಡುಗಾಡು, ಬೇಕಾದರೆ ಮುರುಗೆಪ್ಪನ ಮನೆಯ ಮಾಸ್ತರನ್ನ ಕೇಳ್ರಿ ಎಂದರೆ ಮುಗಿಯುತ್ತಿತ್ತು.

ಎಂಟನೆಯ ಇಯತ್ತೆಗೆ ಆ ದಿನ ನೀರಿನ ಒತ್ತಡದ ಪಾಠ. ಸುಣ್ಣದ ಖಡು ಹಿಡಿದು ಕರೀ ಫಳಿಯ ಮೇಲೆ ಪಾತ್ರೆ ಬರೆದ, ನೀರು ಬರೆದ. ಹಿಂದಿನ ಸಾಲಿನಿಂದ ಒಂದು ಧ್ವನಿ, ‘ಸರ್ರ, ಹಿಮ್ಮಡಿಗೆ ಮೊಳಿ ಹೊಡದ್ರ ಎಷ್ಟೊತ್ತಿಗೆ ಜೀವ ಹೋಗತೈತ್ರಿ?’ ನೀಲಪ್ಪ ತಿರುಗಿ ನೋಡದೆ, ನೀರಿನ ಗೆರೆಗಳನ್ನು ತಿದ್ದುತ್ತ, ‘ಬರಕೋರಿ’ ಎಂದ. ಬರೆದುಕೊಂಡರು. ತನ್ನ ಧ್ವನಿ ಎಷ್ಟು ಸರಳವಾಗಿತ್ತೆಂದರೆ ಅವನಿಗೇ ಅಸಹ್ಯವಾಯಿತು.

ನಡುವಿನ ಸೂಟಿಯಲ್ಲಿ ಗೇಟಿನ ಹೊರಗೆ ಹುಣಸಿಗಿಡದ ನೆರಳಿಗೆ ಸಾವಕ್ಕ ನಿಂತಿದ್ದಳು, ಅವನ ಸೋದರತ್ತೆ, ಅಪ್ಪನ ಒಡಹುಟ್ಟಿದವಳು, ಕೇರಿಯಲ್ಲಿ ಅವನಿಗೆ ಉಳಿದ ಒಂದೇ ರಕ್ತ. ಸಾಲಿಗೆ ಬರಬಾರದೆಂದು ಹೇಳಿದ್ದ. ಎಂದೂ ಬಂದಿರಲಿಲ್ಲ. ಅವನು ಆಚೆ ಈಚೆ ನೋಡಿ ಗೇಟಿನ ಸರಳಿಗೆ ಬಂದ. ‘ಯಪ್ಪಾ ನೀಲಾ, ಅಕಿ ನಮ್ಮ ಸತ್ಯವ್ವ ಹೌದಲ್ಲೊ?’ ಎಂದಳು ಸಾವಕ್ಕ. ಅವ್ವನ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೊ. ‘ಒಂದ ಕಾಲಿಗೆ ಅಂದ್ರ ಅಕೀನ. ಮತ್ಯಾರಿಗೂ ಹಂಗ ಅರ್ಧಾ ಮಾಡಿಲ್ಲ. ಆ ಗನಿನ್ನ ಕೊಲ್ಲತಾರಲ್ಲೊ ತಮ್ಮಾ. ಅವನ ಹೇಣ್ತಿ ಇಮಾಮಬಿ ಠಾಣೇದ ಮುಂದ ಅನ್ನಾ ನೀರ ಬಿಟ್ಟ ಕುಂತಾಳ.’ ನೀವೇ ಹೋಗಿ ಹೇಳ್ರಲ್ಲ ಅತ್ತಿ ಎಂದ. ‘ನಾವ? ನಾವ ಹೇಳಿದ್ರ ಯಾರ ಹೊಡದ್ರಲೇ ಮೊಳಿ ಅಂತ ನಮ್ಮನ್ನ ಒಳಗ ಹಾಕ್ತಾರ. ನಮ್ಮ ಹುಡುಗ್ರರ ಕೇಳ್ತಾರೇನು? ಮನಿಮನಿಗೂ ಬುದ್ಧನ ಫೋಟೊ ಹಾಕ್ಯಾರ, ಇಂಥಾ ಹಲ್ಕಟ್ ಪದ್ಧತಿ ನಮ್ಮಲ್ಲಿ ಇದ್ದಿಲ್ಲವ ಇದ್ದಿಲ್ಲ ಅಂತ ಹೇಳಬೇಕಂತ. ಅವರದೂ ಖರೇನ. ನೀ ಕಲತಾವ. ನಿನ್ನ ಮಾತ ಅವರು ಕುರ್ಚಿ ಹಾಕಿ ಕೇಳ್ತಾರ.’

ಆಗ ಡ್ರಾಯಿಂಗ ಮಾಸ್ತರ ರಮಾಕಾಂತ ಎಲೆ ಅಡಿಕೆ ಮೆಲ್ಲುತ್ತ ಹಿಂದಿನಿಂದ ಬಂದ. ‘ಯಾರ್ರೀ ಅಕಿ, ಹೊಸಮನಿಯವರ?’ ಎಂದ. ನೀಲಪ್ಪನ ಬಾಯಿ, ಎರಡು ವರ್ಷದ ಹಿಂದೆ ‘ಹೂನ್ರಿ’ ಎಂದ ಅದೇ ಬಾಯಿ, ‘ಮನ್ಯಾಗ ಮುಸುರಿ ತಿಕ್ಕಾಕಿ’ ಎಂದಿತು. ಸಾವಕ್ಕ ಒಂದು ಕ್ಷಣವೂ ತಡ ಮಾಡಲಿಲ್ಲ. ತಲೆಯ ಮೇಲಿನ ಸೆರಗು ಮುಂದೆ ಎಳೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ‘ಹೌದ್ರಿ ಸಾಹೇಬ್ರ. ಬಾಯಾರಿಗೆ ದಿನಾ ತುಂಬಾಕ ಬಂದಾವಲ್ರಿ, ಆರಾಮ ಅದಾರಿಲ್ಲೊ ಕೇಳಾಕ ಬಂದಿದ್ದೆ’ ಎಂದಳು. ರಮಾಕಾಂತ ನಕ್ಕು ಹೋದ. ಅವಳು ಕೇಳಲು ಬಂದದ್ದರಲ್ಲಿ ಅದೂ ಒಂದಾಗಿತ್ತು, ಸುಳ್ಳಲ್ಲ. ‘ಆರಾಮ ಅದಾಳ’ ಎಂದ ನೀಲಪ್ಪ. ‘ಹಂಗಾರ ಬರ್ತೇನ್ರಿ’ ಎಂದಳು ಸಾವಕ್ಕ. ‘ರಿ’ ಹಚ್ಚಿ ಹೇಳಿದಳು. ಬರಿಗಾಲಲ್ಲಿ ಬಿಸಿಲ ರಸ್ತೆ ದಾಟಿ ಹೋದಳು. ಅವನು ಸರಳು ಹಿಡಿದೇ ನಿಂತ. ನಾಚಿಕೆಯಾಯಿತು. ಎಲ್ಲೋ ದೂರದಲ್ಲಿ, ಬೇರೆ ಯಾರಿಗೋ ಆದ ಹಾಗೆ, ಆದರೂ ಆಯಿತು.

ಅರ್ಧ ದಿನದ ರಜೆ ಹಾಕಿ ಹೊರಬಿದ್ದ. ಠಾಣೆಗೆ ಹೋಗುತ್ತೇನೆಂದು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಆ ಕಡೆಯಿಂದ ಮನೆಗೆ ಹೋದರಾಯಿತು, ಅಷ್ಟೇ. ಹಾವೂ ಸಾಯಬೇಕು ಕೋಲೂ ಮುರೀಬಾರದು ಎಂಬ ಗಾದೆ ತಲೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಒಂದು ಅನಾಮಧೇಯ ಕಾಗದ ಹಾಕಿದರೆ? ಯಾರು ನಂಬುತ್ತಾರೆ? ಹಳೇ ಮಂದಿ ಹೇಳಿದ್ದರು ಎಂದರೆ? ಯಾವ ಹಳೇ ಮಂದಿ ಎಂದು ಕೇಳುತ್ತಾರೆ. ಹೀಗೆ ಒಂದೊಂದನ್ನೇ ಎತ್ತಿ ಎತ್ತಿ ಕೆಳಗಿಡುತ್ತ ನಡೆದವನು ಠಾಣೆಯ ಮುಂದೆ ಬಂದಾಗ ಅಲ್ಲಿ ಇನ್ನೂರು ಮುನ್ನೂರು ಮಂದಿ ಸೇರಿದ್ದರು. ಗನಿಯನ್ನು ನಮ್ಮ ಕೈಗೆ ಕೊಡ್ರಿ ಎಂದು ಒದರುತ್ತಿದ್ದರು. ಗೋಡೆಯ ಬುಡಕ್ಕೆ ಇಮಾಮಬಿ ಮೊಣಕಾಲು ತಬ್ಬಿ ಕೂತಿದ್ದಳು. ಅವಳ ತಲೆಯ ಮೇಲೆ, ಸೆರಗಿನ ಮೇಲೆ ಯಾರೋ ಎರಚಿದ ಮಣ್ಣು ಹಾಗೇ ಇತ್ತು, ಝಾಡಿಸಿಕೊಂಡಿರಲಿಲ್ಲ. ಅವನನ್ನು ನೋಡಿದಳು. ಅವಳಿಗೂ ಅವನ ಗುರುತು ಇತ್ತು. ನೋಟ ತೆಗೆದು ನೆಲಕ್ಕೆ ಇಟ್ಟಳು. ಇವಳೂ ಹೇಳುವುದಿಲ್ಲ. ಎಲ್ಲರೂ ಕೂಡಿ ತನ್ನನ್ನು ಕಾಯುತ್ತಿದ್ದಾರೆ, ಕೂಸನ್ನು ಕಾಯುವ ಹಾಗೆ. ಅವನು ಗುಂಪನ್ನು ಸೀಳಿ ಒಳಗೆ ಹೋದ.

ಫೌಜದಾರ ಕುರ್ಚಿ ತೋರಿಸಿದ. ಸಾವಕ್ಕ ಹೇಳಿದ ಹಾಗೆಯೇ ಆಯಿತು. ‘ಬರ್ರಿ ಮಾಸ್ತರ, ಕುಂಡರ್ರಿ. ಚಾ ತರಸ್ಲೆ?’ ನೀಲಪ್ಪ ವರ್ಗದಲ್ಲಿ ಪಾಠ ಹೇಳುವ ಧ್ವನಿಯಲ್ಲಿ ಹೇಳಿದ: ಏರಿ ಎತ್ತರಿಸುವ ಮೊದಲು ಅದು ಹುಗಿಯುವ ಜಾಗವಾಗಿತ್ತು, ನೀರು ನಿಂತು ಮಣ್ಣು ಸವೆದು ಎಲುಬು ಮೇಲೆ ಬಂದಿವೆ, ಬಸುರಿ ಹೆಂಗಸು ಸತ್ತರೆ ತಿರುಗಿ ಬಾರದಿರಲೆಂದು ಹಿಮ್ಮಡಿಗೆ ಮೊಳೆ ಹೊಡೆಯುವುದು ಕೆಲವರ ಪದ್ಧತಿ, ಸತ್ತ ಮೇಲೆ, ಜೀವ ಇದ್ದಾಗಲ್ಲ. ಫೌಜದಾರ ಮೀಸೆಯ ತುದಿ ಕಚ್ಚುತ್ತ ಕೇಳಿದ. ‘ಕೆಲವರು ಅಂದ್ರ ಯಾರ್ರಿ?’ ‘ರೈಲುಪಟ್ಟಿ ಆಚಿ ಕೇರಿಯವರು.’ ‘ನಿಮಗ ಹ್ಯಾಂಗ ಗೊತ್ತ?’ ನೀಲಪ್ಪ ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡಿದ. ಫೌಜದಾರ ಕುರ್ಚಿಯಲ್ಲಿ ಹಿಂದಕ್ಕೊರಗಿದ. ‘ತಿಳೀತು ಬಿಡ್ರಿ’ ಎಂದ ಮೆಲ್ಲಗೆ. ‘ಮುರುಗೆಪ್ಪಣ್ಣನ ಮನ್ಯಾಗ ಇರ್ತೀರೆಲ್ಲ ನೀವು? ಹೂಂ. ನಿಮ್ಮ ಹೆಸರ ಬ್ಯಾಡ. ಹಳೇ ಸುಡುಗಾಡಂತ ನಾನ ಬರಕೋತೇನಿ. ನನಗೂ ಗೊತ್ತೈತ್ರಿ ಆ ಗನಿ ಬಡವ ಅಂತ. ಏನ ಮಾಡೂದು, ಹಿಡಿಲಿಲ್ಲಂದ್ರ ಮಂದಿ ಇಲ್ಲೇ ಬೆಂಕಿ ಹಚ್ಚತಿದ್ರು.’ ಚಹಾ ಬಂತು. ನೀಲಪ್ಪ ಕುಡಿದ. ಸಕ್ಕರೆ ಬಹಳವಾಗಿತ್ತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಇಷ್ಟು ಸಸಾರವಾಗಿತ್ತೇ, ಮೂರು ದಿನ ಮೊದಲೇ ಬಂದಿದ್ದರೆ ಗನಿಯ ಪಕ್ಕೆಲುಬಾದರೂ ಉಳಿಯುತ್ತಿದ್ದವಲ್ಲ ಎನಿಸಿತು.

ಅವನು ಮುಂಬಾಗಿಲಿನಿಂದ ಹೊರಗೆ ಬಂದು ಮಂದಿಯಲ್ಲಿ ಮಂದಿಯಾಗಿ ನಿಂತ. ಸ್ವಲ್ಪ ಹೊತ್ತಿಗೆ ಫೌಜದಾರ ಗನಿಯ ತೋಳು ಹಿಡಿದು ಕಟ್ಟೆಗೆ ಕರೆತಂದ. ಗನಿಯ ಒಂದು ಕಣ್ಣು ಮುಚ್ಚಿತ್ತು, ತುಟಿ ಬಾತಿತ್ತು. ‘ಕೇಳ್ರಿ ಎಲ್ಲಾರೂ! ಅದು ಹಳೇ ಸುಡುಗಾಡ. ಕೊಲಿನೂ ಇಲ್ಲ ಏನೂ ಇಲ್ಲ. ಸತ್ತ ಮ್ಯಾಲ ಹೊಡದ ಮೊಳಿ ಅದು. ಮನಿಗೆ ನಡೀರಿ!’ ಎಂದು ಫೌಜದಾರ ಒದರಿದ. ಗುಂಪಿನಲ್ಲಿ ಯಾರೋ ನಕ್ಕರು. ‘ಯಾರ ಹೇಳಿದ್ರು ನಿಮಗ?’ ಎಂದರು. ‘ಎಷ್ಟ ತಿಂದ್ರಿ ಸಾಹೇಬ್ರ?’ ಎಂದು ಇನ್ನೊಬ್ಬ. ಅಂಜಿಕೆ ತಿಂದು ಬೆಳೆದ ಮಂದಿಯ ಮುಖ ಎಂಥದೆಂದು ನೀಲಪ್ಪ ಆಗ ನೋಡಿದ. ಅದನ್ನು ಕಸಿದುಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಂದು ಕಲ್ಲು ಕಟ್ಟೆಗೆ ಬಡಿಯಿತು. ಗನಿ ಮುಖಕ್ಕೆ ಮೊಣಕೈ ಅಡ್ಡ ಹಿಡಿದ. ಇಮಾಮಬಿ ಎದ್ದು ಓಡಿಹೋಗಿ ಅವನ ಮುಂದೆ ನಿಂತಳು.

ಗುಂಪಿನ ಮುಂದಿನಿಂದ ಮುರುಗೆಪ್ಪ ತಿರುಗಿದ. ನೀಲಪ್ಪನನ್ನು ನೋಡಿ ಅವನ ಮುಖ ಅರಳಿತು. ‘ಅಕಾ, ನಮ್ಮ ಮಾಸ್ತರ ಬಂದಾರ. ಬರ್ರಿ ಬರ್ರಿ’ ಎಂದು ಕೈ ಹಿಡಿದೆಳೆದು ಮುಂದೆ ತಂದು ಹೆಗಲ ಮೇಲೆ ಕೈ ಹಾಕಿದ. ಭಾರವಾದ, ಬೆಚ್ಚಗಿನ ಕೈ. ‘ಮಾಸ್ತರ, ನೀವು ಶಾಣ್ಯಾರು, ಸೈನ್ಸ ಓದಿದವರು. ನೀವ ಹೇಳ್ರಿ ಇವರಿಗೆ. ಸತ್ತ ಹೆಣ್ಣಮಗಳ ಕಾಲಿಗೆ ಮೊಳಿ ಹೊಡ್ಯೂ ಮಂದಿ ಈ ಭೂಮಿ ಮ್ಯಾಲೆ ಎಲ್ಲೆರ ಇರ್ತಾರೇನ್ರಿ?’ ಎಲ್ಲರೂ ಅವನ ಕಡೆ ನೋಡಿದರು. ಫೌಜದಾರನೂ ನೋಡಿದ, ಬೇಡ ಎನ್ನುವಂತೆ ತಲೆ ಆಡಿಸಿದ. ಗನಿಯ ತೆರೆದಿದ್ದ ಒಂದು ಕಣ್ಣೂ ನೋಡಿತು. ಅದೂ ಬೇಡವೆಂದಿತು. ಪುಸ್ತಕದಲ್ಲಿ ಓದಿದ್ದೇನ್ರಿ ಎನ್ನಬಹುದಿತ್ತು. ಆಫ್ರಿಕಾದಾಗ ಅದಾರ್ರಿ ಎನ್ನಬಹುದಿತ್ತು. ಬಾಯಿ ಅದಕ್ಕೆ ಸಿದ್ಧವಾಗಿಯೇ ಇತ್ತು, ಅದರ ರೂಢಿ ಅದಕ್ಕೆ. ಇನ್ನೊಂದು ಕಲ್ಲು ಬಂತು, ಇಮಾಮಬಿಯ ಹೆಗಲಿಗೆ ಬಡಿಯಿತು. ಅವಳು ಚೀರಲಿಲ್ಲ.

‘ಅದಾರ್ರಿ’ ಎಂದ ನೀಲಪ್ಪ.

‘ಎಲ್ಲಿ?’

‘ಇಲ್ಲೆ. ನಾವ್ರಿ.’ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. ‘ನಾ ಆ ಕೇರಿಯಾಂವ್ರಿ. ಅಕಿ ನಮ್ಮವ್ವ. ಮೊಳಿ ನಾನ ಕೈಯಾರೆ ಕೊಟ್ಟೇನಿ. ಇನ್ನೊಂದು ನನ್ನ ಕಿಸೇದಾಗ ಉಳದಿತ್ತು.’

ಹೆಗಲ ಮೇಲಿನ ಕೈ ಒಮ್ಮೆಲೆ ಹೋಗಲಿಲ್ಲ. ಮೊದಲು ಹಗುರಾಯಿತು, ಆಮೇಲೆ ಬೆರಳಷ್ಟೇ ಉಳಿದವು, ಆಮೇಲೆ ಇಲ್ಲ. ಮುರುಗೆಪ್ಪ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಯಿಂದ ದೂರ ಹಿಡಿದು ನಿಂತ. ‘ಖರೇ ಹೇಳ್ರಿ ಮಾಸ್ತರ’ ಎಂದ. ‘ಖರೇನರಿ.’ ಗುಂಪಿಗೆ ಈಗ ಮಾಡಲು ಕೆಲಸವಿರಲಿಲ್ಲ. ಹಿಂದಿನಿಂದ ಸಡಿಲಾಗತೊಡಗಿತು. ಒಬ್ಬ ಉಗುಳಿದ, ಎಲ್ಲಿಗೆಂದು ನೀಲಪ್ಪ ನೋಡಲಿಲ್ಲ. ‘ಊರಾಗ ಕೊಲೆಗಾರ ಬಂದಾನಂತ ಅಂಜಿ ಅಂಜಿ ಅಗಳಿ ಹಾಕ್ಕೊಂಡ ಕುಂತೇವಿ’ ಎಂದ ಮುರುಗೆಪ್ಪ, ಅಳು ಬಂದವನ ಹಾಗೆ, ‘ಕುಂತೇವಿ ಅಂತೀನಿ, ಒಳಗ...’ ಸಾಯಕಲ್ಲು ತೆಗೆದುಕೊಂಡು ಹೋದ. ಕಟ್ಟೆಯಿಂದ ಇಳಿದು ಬಂದ ಗನಿ ನೀಲಪ್ಪನ ಎದುರು ಒಂದು ಗಳಿಗೆ ನಿಂತ. ‘ಯಾಕ ಹೇಳಿದ್ಯೋ ನೀಲ್ಯಾ?’ ಎಂದ ಒಡೆದ ತುಟಿಯಲ್ಲಿ. ‘ಇಷ್ಟೆಲ್ಲಾ ಹೊಡತಾ ತಿಂದಿದ್ದೆ. ಇನ್ನೆರಡ ತಿಂತಿದ್ದೆ.’ ನೀಲ್ಯಾ ಎಂದು ಕರೆದಿದ್ದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋದರು.

ಅವನು ಮನೆ ಮುಟ್ಟುವುದರೊಳಗೆ ಸುದ್ದಿ ಸಾಯಕಲ್ಲಿನ ಮೇಲೆ ಮುಟ್ಟಿತ್ತು. ಮುರುಗೆಪ್ಪನ ಮನೆಯ ಬಾಗಿಲು ಹಾಕಿತ್ತು, ಹಗಲು ಹೊತ್ತಿನಲ್ಲಿ ಎಂದೂ ಹಾಕದ ಬಾಗಿಲು. ಒಳಗಿಂದ ಶರಣವ್ವನ ಅಳು ಕ್ಷೀಣವಾಗಿ ಕೇಳಿಸುತ್ತಿತ್ತು. ‘ನನ್ನ ಒಲಿ ಮುಂದ ಕುಂದ್ರಿಸಿಕೊಂಡಿದ್ನೆಲ್ಲೊ, ನನ್ನ ಮಗಳಂತ ತಿಳಕೊಂಡಿದ್ನೆಲ್ಲೊ ಶಿವನ’ ಎಂದು ಒಂದೇ ಸಮನೆ. ಆ ಅಳುವಿನಲ್ಲಿ ಸಿಟ್ಟು ಎಷ್ಟು, ಅಗಲಿಕೆ ಎಷ್ಟು, ಅವಳಿಗಾದರೂ ಗೊತ್ತಿತ್ತೋ ಇಲ್ಲವೋ. ಎದುರು ಮನೆಯ ಕಟ್ಟೆಗಳ ಮೇಲೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ರಸ್ತೆಯ ಈಚೆ ಬದಿಗೆ, ಲೈಟಿನ ಕಂಬದ ಹತ್ತಿರ, ಟ್ರಂಕು, ಹಾಸಿಗೆಯ ಸುರುಳಿ, ಎರಡು ಚೀಲ, ಸ್ಟೋವು. ಟ್ರಂಕಿನ ಮೇಲೆ ಶೇವಂತೆವ್ವ ಕೂತಿದ್ದಳು. ಸಾಮಾನು ತಾನೇ ಹೊರಗೆ ತಂದಿದ್ದಳೋ ಅವರು ಇಟ್ಟಿದ್ದರೋ ಅವನು ಕೇಳಲಿಲ್ಲ. ಅವರು ಮುಟ್ಟಿರಲಿಕ್ಕಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತು ಒಬ್ಬಳೇ ಎತ್ತಿರಬೇಕು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

‘ಟಾಂಗಾ ತರ್ತೇನಿ. ಅತ್ತಿ ಮನಿಗೆ ಹೋಗೋಣು’ ಎಂದ. ಮನೆ ಹೋದದ್ದಕ್ಕೆ ಬೈಯುತ್ತಾಳೆ ಎಂದುಕೊಂಡು ಅವನು ಹಾಸಿಗೆಯ ಸುರುಳಿಯ ಮೇಲೆ ಕೂತ. ಬೈದರೆ ಚಲೋ. ಅವಳು ತನ್ನ ಪಾದಗಳನ್ನು ನೋಡಿಕೊಳ್ಳುತ್ತಿದ್ದಳು. ಬಾತಿದ್ದವು, ಬಸುರಿನ ಬಾವು. ಮದುವೆಯಾಗಿ ನಾಕು ವರ್ಷದಲ್ಲಿ ನಿಮ್ಮವ್ವ ಹ್ಯಾಂಗ ಸತ್ತಳೆಂದು ಅವಳು ಎಷ್ಟೋ ಸಲ ಕೇಳಿದ್ದಳು. ಜ್ವರ ಬಂದು ಎಂದಷ್ಟೇ ಹೇಳಿದ್ದ.

‘ನಾ ಸತ್ರ ನನಗೂ ಹೊಡೀತೀರೇನ್ರಿ?’ ಎಂದಳು.

ಏನೆಂದು ಅವನಿಗೆ ತಟ್ಟನೆ ತಿಳಿಯಲಿಲ್ಲ. ತಿಳಿದಾಗ ಎದೆಯೊಳಗೆ ಎಲ್ಲೋ ಒಂದು ಕಡೆ, ಬಹಳ ಹೊತ್ತು ಮಡಚಿ ಕೂತು ಕಾಲು ಬಿಚ್ಚಿದಾಗ ಆಗುವಂತೆ, ಮುಳ್ಳು ಮುಳ್ಳಾಗಿ ನೋವು ಏರತೊಡಗಿತು. ತಡೆಯಲಾರದ ನೋವು. ‘ಇಲ್ಲ’ ಎಂದ. ಎದುರು ಕಟ್ಟೆಯ ಹೆಂಗಸರು ನೋಡುತ್ತಿದ್ದರು, ನೋಡಲಿ, ರಸ್ತೆಯ ಮೇಲೆಯೇ ಅವಳ ಎರಡೂ ಪಾದಗಳನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿಗಳನ್ನು ಎರಡೂ ಅಂಗೈಯಲ್ಲಿ ಹಿಡಿದ. ‘ಇಲ್ಲ ಶೇವಂತೀ. ನೀ ಬಾ. ಏನರ ಆಗ್ಲಿ, ಹ್ಯಾಂಗರ ಆಗ್ಲಿ, ಸತ್ತರೂ ನೀ ಮನಿಗೆ ಬಾ. ನಾ ಕದಾ ತಗದ ಇಟ್ಟಿರ್ತೇನಿ.’ ಹೇಳುತ್ತ ಹೇಳುತ್ತ ಅತ್ತ, ಏಳು ವರ್ಷದ ಹುಡುಗ ಅಳುವ ಹಾಗೆ, ಬಾಯಿ ತೆರೆದು, ಸಪ್ಪಳ ಮಾಡಿ.

ಶೇವಂತೆವ್ವ ಮುಚ್ಚಿದ ಬಾಗಿಲನ್ನು, ಟ್ರಂಕನ್ನು, ಕಂಬವನ್ನು, ರಸ್ತೆಯ ಎರಡೂ ತುದಿಯನ್ನು ನೋಡಿದಳು.

‘ಯಾವ ಮನಿಗ್ರಿ?’ ಎಂದು ಕೇಳಿದಳು.